ಮೂರು ದಿನ ರಜೆ, ಸಣ್ಣ ದೋಣಿ, ಉಪ್ಪುನೀರಿನ ಗಾಳ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ಗಂಗಾವತಿ, ಬಳ್ಳಾರಿ, ಸಿಂಧನೂರು ಕಡೆಯಿಂದ ರಜೆ ಸಿಕ್ಕ ಕೂಡಲೇ ಗಾಳ ಕಟ್ಟಿಕೊಂಡು ಕಾರವಾರ, ಅಂಕೋಲಾ, ಕುಮಟಾ ದಾರಿ ಹಿಡಿಯುವವರಿದ್ದಾರೆ. ಬಹುತೇಕರು ಮುನಿರಾಬಾದಿನ ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲೋ ಎಡದಂಡೆ ಕಾಲುವೆಯ ಬದಿಯಲ್ಲೋ ಕಲಿತವರು. ಅವರು ಫೋನಿನಲ್ಲಿ, ಪತ್ರದಲ್ಲಿ, ಚಹಾದಂಗಡಿಯಲ್ಲಿ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಂಡು ಉತ್ತರ ಸೇರಿಸಿದ್ದೇನೆ. ಇಲ್ಲಿ ಹೇಳಿರುವುದೆಲ್ಲ ಇಪ್ಪತ್ತು ಅಡಿ ಆಸುಪಾಸಿನ ಫೈಬರ್ ದೋಣಿಗೆ, ದಂಡೆ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ. ಟ್ರಾಲರ್ ಹತ್ತುವವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ.

## ಹೊರಡುವ ಮುಂಚೆ

ಡ್ಯಾಮಿನ್ಯಾಗ ಸಣ್ಣವನಿದ್ದಾಗಿಂದ ಗಾಳ ಹಾಕ್ತೀನ್ರಿ. ಸಮುದ್ರಕ್ಕೂ ಅದೇ ನಡೀತೈತಲ್ಲ?

ಕೈಯ ಹದ ನಡೆಯುತ್ತದೆ, ಉಳಿದದ್ದು ನಡೆಯುವುದಿಲ್ಲ. ಡ್ಯಾಮಿನಲ್ಲಿ ಒಂದು ಕಡೆ ಕೂತು, ಹಿಟ್ಟಿನ ಉಂಡೆ ಹಾಕಿ, ಕಟ್ಲಾ ರೋಹು ಬರಲಿ ಅಂತ ಕಾಯುತ್ತೇವೆ. ನೀರಿನ ಮಟ್ಟ ಬದಲಾಗುವುದು ವಾರಗಟ್ಟಲೆ ಲೆಕ್ಕದಲ್ಲಿ. ಕಡಲಲ್ಲಿ ಆರು ತಾಸಿಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ, ಅದರ ಜೊತೆ ಮೀನೂ ಜಾಗ ಬದಲಿಸುತ್ತದೆ. ಗಾಳಕ್ಕೆ ಬೀಳುವ ಕಡಲ ಮೀನು ಹೆಚ್ಚಾಗಿ ಬೇಟೆಗಾರ ಜಾತಿ, ಹಿಟ್ಟು ಮೂಸುವುದಿಲ್ಲ. ಸಿಗಡಿ, ಭೂತಾಯಿ ಮೀನಿನ ತುಂಡು, ಬೊಂಡಾಸ್ (ಸ್ಕ್ವಿಡ್) ಪಟ್ಟಿ ಬೇಕು. ಇನ್ನು, ಕೂತ ನೆಲವೇ ಅಲುಗಾಡುತ್ತಿರುತ್ತದೆ. ಹರಿಗೋಲಿನಲ್ಲಿ ಕೂತು ಅಭ್ಯಾಸ ಇದ್ದವರಿಗೂ ಕಡಲ ಅಲೆಯ ತೂಗಾಟ ಹೊಸದೇ.

ಆಗಸ್ಟ್ 15ಕ್ಕ ಮೂರು ದಿನ ಸಿಗತಾವು. ಅವಾಗ ಹೋದ್ರ ಚಲೋ ಅಲ್ಲೇನ್ರಿ?

ಬೇಡ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಆಗಸ್ಟ್ ಒಂದರಂದು ನಿಷೇಧ ಮುಗಿಯಿತು ಎಂದರೆ ಕಡಲು ತಣ್ಣಗಾಯಿತು ಅಂತಲ್ಲ. ಮಳೆಗಾಲದ ಅಲೆ ಇನ್ನೂ ಬರುತ್ತಲೇ ಇರುತ್ತದೆ, ನದಿಗಳು ಕೆಂಪು ನೀರು ತಂದು ಸುರಿಯುತ್ತಿರುತ್ತವೆ, ಸಣ್ಣ ದೋಣಿಯವರಿಗೆ ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟುವುದೇ ಕಷ್ಟ. ದಾರಿಯೂ ಹಾಗೆಯೇ: 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಹೇಗೂ ಅದು ಶ್ರಾವಣ, ಮೀನು ತಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಲೆಗೆ ಹತ್ತುವುದಿಲ್ಲ.

ನನ್ನ ಆಯ್ಕೆ ನವೆಂಬರ್ ಕೊನೆಯಿಂದ ಫೆಬ್ರವರಿ. ಕ್ರಿಸ್‌ಮಸ್, ಜನವರಿ 26, ಕೆಲವು ವರ್ಷ ಶಿವರಾತ್ರಿ ಇದರೊಳಗೆ ಬರುತ್ತವೆ. ಬೆಳಗಿನ ಕಡಲು ಈ ತಿಂಗಳುಗಳಲ್ಲಿ ಶಾಂತ. ದಸರಾ, ದೀಪಾವಳಿ ರಜೆಗೂ ಹೋಗಬಹುದು, ಆದರೆ ಅಕ್ಟೋಬರ್, ನವೆಂಬರ್ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲ. 2019ರ ಅಕ್ಟೋಬರಿನಲ್ಲಿ ಬಂದ ಕ್ಯಾರ್ ನಮ್ಮ ಕರಾವಳಿಗೆ ಅಪ್ಪಳಿಸದೆ ದೂರದಲ್ಲೇ ಹಾದುಹೋದರೂ ದೋಣಿಗಳೆಲ್ಲ ಬಂದರು ಸೇರಿದ್ದವು. ಹವಾಮಾನ ಇಲಾಖೆಯ ಎಚ್ಚರಿಕೆ ನೋಡದೆ ರೂಮಿಗೆ ಮುಂಗಡ ಕೊಡಬೇಡಿ.

ಬಳ್ಳಾರಿಯಿಂದ ಯಾವ ಕಡೆ ಹತ್ತಿರ? ಕಾರವಾರಾನೋ ಮಲ್ಪೆನೋ?

ಉತ್ತರ ಕನ್ನಡವೇ ಹತ್ತಿರ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಬಳ್ಳಾರಿಯಿಂದ ಸುಮಾರು 350 ಕಿಲೋಮೀಟರ್, ಕೊಪ್ಪಳದಿಂದ ಸುಮಾರು 250. ಅಲ್ಲಿಂದ ಬಲಕ್ಕೆ ಕಾರವಾರ, ಎಡಕ್ಕೆ ಗೋಕರ್ಣ, ತದಡಿ, ಕುಮಟಾ, ಹೊನ್ನಾವರ. ರೈಲಿನವರಿಗೆ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಮೇಲೆ ವಾಸ್ಕೋಗೆ ಹೋಗುತ್ತದೆ, ಮಡಗಾಂವ್‌ನಲ್ಲಿ ಇಳಿದು ಕೊಂಕಣ ರೈಲು ಹಿಡಿದರೆ ಕಾರವಾರ. ಇದು ಪ್ರತಿದಿನ ಇಲ್ಲ, ವಾಪಸಾಗುವಾಗ ಮೀನಿನ ಡಬ್ಬಿ ಹೊತ್ತು ಎರಡು ರೈಲು ಬದಲಿಸುವುದೂ ಸುಲಭವಲ್ಲ. ನಾಲ್ಕು ಜನ ಇದ್ದರೆ ಕಾರೇ ಸರಿ.

ಮೂರು ದಿನ ಅಂದ್ರೆ ಮೂರು ದಿನಾನೂ ಮೀನು ಹಿಡೀಬಹುದು, ಹೌದಲ್ಲ?

ಇಲ್ಲ, ಇಲ್ಲೇ ಎಲ್ಲರ ಲೆಕ್ಕ ತಪ್ಪುವುದು. ಸಣ್ಣ ದೋಣಿಗೆ ಕಡಲು ಕೊಡುವುದು ಬೆಳಗಿನ ಹೊತ್ತು ಮಾತ್ರ. ಮೊದಲ ದಿನ ದಾರಿಗೆ, ಕೊನೆಯ ದಿನ ಮಧ್ಯಾಹ್ನ ಮತ್ತೆ ದಾರಿಗೆ. ಕೈಗೆ ಉಳಿಯುವುದು ಎರಡು ಬೆಳಗು. ಅದರಲ್ಲಿ ಒಂದನ್ನು ಗಾಳಿ ಕಿತ್ತುಕೊಳ್ಳಬಹುದು ಅಂತಲೇ ಹೊರಡಬೇಕು. ಹಾಗಾಗಿ ಮೊದಲ ಬೆಳಗನ್ನು ಕಡಲಿಗೆ ಇಡಿ. ಕಡಲು ಸರಿಯಿಲ್ಲದಿದ್ದರೆ ಆ ದಿನ ನದಿಬಾಯಿಯ ಒಳಗೆ ಗಾಳ ಹಾಕಿ, ಎರಡನೇ ಬೆಳಗು ಮತ್ತೆ ಕಡಲನ್ನು ನೋಡಿ. ಅಘನಾಶಿನಿ, ಶರಾವತಿ, ಕಾಳಿ, ಗಂಗಾವಳಿ ಎಲ್ಲವೂ ಒಂದೇ ಜಿಲ್ಲೆಯಲ್ಲಿವೆ. ಎರಡೂ ಬೆಳಗು ಕೈಕೊಟ್ಟರೆ ಯಾಣಕ್ಕೆ ಹೋಗಿ ಬನ್ನಿ. ತಾಂಡೇಲರಿಗೆ (ದೋಣಿ ನಡೆಸುವವರಿಗೆ) ಒತ್ತಾಯ ಮಾಡಬೇಡಿ.

ನನಗ ಈಜು ಬರಂಗಿಲ್ಲ. ಮಗನ್ನೂ ಕರ್ಕೊಂಡು ಹೋಗಬೇಕಂತೀನಿ. ನಡೀತೈತಾ?

ಈಜು ಬಂದರೂ ಬಾರದಿದ್ದರೂ ಲೈಫ್ ಜಾಕೆಟ್ ತೊಟ್ಟೇ ಕೂರಬೇಕು. ದೋಣಿಯ ಮೂಲೆಯಲ್ಲಿ ಮಡಚಿ ಇಟ್ಟ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ. ಹುಡುಗರಿಗೆ ಹುಡುಗರ ಅಳತೆಯದೇ ಬೇಕು: ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ, ಗಲ್ಲದ ಮೇಲೆ ಜಾರಿ ಬಂದರೆ ಅದು ದೊಡ್ಡದಾಯಿತು. ಬಂದರಿನಲ್ಲಿ ಆ ಅಳತೆ ಸಿಗುತ್ತದೆಂದು ನಂಬಿ ಹೋಗಬೇಡಿ, ಊರಿನಿಂದಲೇ ಕೊಂಡು ಒಯ್ಯಿರಿ. ಹತ್ತು ವರ್ಷದೊಳಗಿನವರನ್ನು ನದಿಯ ಒಳಗೆ ಮಾತ್ರ ಕರೆದುಕೊಂಡು ಹೋಗಿ ಎನ್ನುವುದು ನನ್ನ ಅಭಿಪ್ರಾಯ.

ದೋಣಿ ಸಿಗಲಿಲ್ಲ ಅಂದ್ರೆ ಬಂಡೆ ಮ್ಯಾಲೆ ನಿಂತು ಗಾಳ ಹಾಕಿದ್ರೆ?

ಗೋಕರ್ಣದಂಥ ಕಡೆ ಕಡಲಿಗೆ ಚಾಚಿದ ಕಪ್ಪು ಬಂಡೆ ಒದ್ದೆಯಿದ್ದರೆ ಅಲೆ ಅಲ್ಲಿಗೆ ಬರುತ್ತದೆ ಎಂದೇ ಅರ್ಥ. ಒಣ ಬಂಡೆಯವರೆಗೆ ಮಾತ್ರ ಹೋಗಿ, ಒಬ್ಬರೇ ಹೋಗಬೇಡಿ.

## ದೋಣಿ ಮತ್ತು ತಾಂಡೇಲರು

ಬಂದರಿಗೆ ಹೋಗಿ ಯಾವ ಬೋಟಿನವರನ್ನ ಕೇಳಿದ್ರೂ ಕರ್ಕೊಂಡು ಹೋಗ್ತಾರಾ?

ಕೇಳಿದರೆ ಹೂಂ ಅನ್ನುವವರು ಸಿಗಬಹುದು. ಆದರೆ ಮೀನುಗಾರಿಕೆ ದೋಣಿಗೆ ಇರುವುದು ಮೀನು ಹಿಡಿಯುವ ಪರವಾನಗಿ, ಪ್ರವಾಸಿಗರನ್ನು ಸಾಗಿಸುವುದಲ್ಲ. ಏನಾದರೂ ಆದರೆ ವಿಮೆಯೂ ಇಲ್ಲ, ಅವರ ಪರವಾನಗಿಗೂ ಕುತ್ತು. ಪ್ರವಾಸಿಗರಿಗೆಂದೇ ಅನುಮತಿ ಪಡೆದ ದೋಣಿಯವರನ್ನೇ ಹುಡುಕಿ, ಅನುಮತಿ ಪತ್ರ, ಜಾಕೆಟ್ ಎರಡನ್ನೂ ಹತ್ತುವ ಮುಂಚೆ ನೋಡಿ.

ಪ್ರತಿಯೊಬ್ಬರೂ ಆಧಾರ್ ಕಾರ್ಡ್ ಇಟ್ಟುಕೊಳ್ಳಿ. 2008ರ ಮುಂಬೈ ದಾಳಿಗೆ ಬಂದವರು ಮೀನುಗಾರಿಕೆ ದೋಣಿ ಅಪಹರಿಸಿ ಬಂದಿದ್ದರಿಂದ ಕರಾವಳಿ ಕಾವಲು ಪೊಲೀಸರ ತಪಾಸಣೆ ಬಿಗಿ. ಕಾರವಾರದ ದಕ್ಷಿಣಕ್ಕೆ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಅಂಜುದೀವ್ ದ್ವೀಪವೂ ನೌಕಾಪಡೆಯದೇ. ಆ ಕಡೆ ದೋಣಿ ತಿರುಗಿಸಿ ಅಂತ ಕೇಳಲೂಬೇಡಿ, ಫೋಟೋ ತೆಗೆಯಲೂಬೇಡಿ. ಮುರುಡೇಶ್ವರದಾಚೆಯ ನೇತ್ರಾಣಿಗೆ ಗಾಳ ಹಾಕಲು ಹೋಗೋಣ ಎನ್ನುವವರಿಗೂ ಇದೇ ಉತ್ತರ: ಅದು ಹವಳದ ಜಾಗ, ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿಕೊಂಡು ಬಂದ ದ್ವೀಪ, ಸಣ್ಣ ದೋಣಿಗೆ ದೂರವೂ ಹೆಚ್ಚು.

ವ್ಯವಹಾರ ಹೆಂಗ ಮಾತಾಡಬೇಕು? ಹಿಡಿದ ಮೀನು ನಮ್ದಾ, ಅವರ್ದಾ?

ಹತ್ತುವ ಮೊದಲೇ ಮುಗಿಸಿಕೊಳ್ಳಿ: ಎಷ್ಟು ತಾಸು, ಎಣ್ಣೆ ಯಾರದು, ಎರೆ ಯಾರು ತರುವುದು, ಗಾಳಿ ಎದ್ದು ಬೇಗ ವಾಪಸಾದರೆ ದುಡ್ಡು ಎಷ್ಟು, ಮೀನು ಯಾರಿಗೆ. ಕೊನೆಯದನ್ನು ನಮ್ಮವರು ಕೇಳಲು ನಾಚುತ್ತಾರೆ, ಜಗಳ ಬರುವುದೂ ಅದರಲ್ಲೇ. ಮನೆಗೆ ಬೇಕಾದಷ್ಟು ನಮಗೆ, ಮಿಕ್ಕದ್ದು ದೋಣಿಯವರಿಗೆ ಎನ್ನುವುದು ಒಳ್ಳೆಯ ಕರಾರು. ಬೇಗ ವಾಪಸಾದರೂ ಪೂರ್ತಿ ದುಡ್ಡು ಕೊಡುತ್ತೇವೆ ಅಂತ ಮೊದಲೇ ಹೇಳಿಬಿಡಿ. ಆಗ ತಾಂಡೇಲರು ಹಣದ ಮುಖ ನೋಡದೆ ಆಕಾಶದ ಮುಖ ನೋಡುತ್ತಾರೆ.

ಕಡಲು ಇಷ್ಟು ಶಾಂತ ಇದ್ರೂ ಹತ್ತು ಗಂಟೆಗೇ ವಾಪಸ್ ಹೋಗೋಣ ಅಂತಾರಲ್ಲ, ಯಾಕೆ?

ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬೆಳಗ್ಗೆ ದಂಡೆಯ ಹತ್ತಿರ ನೀರು ನುಣ್ಣಗಿರುವುದು ಅದಕ್ಕೇ. ಬಿಸಿಲೇರಿದಂತೆ ನೆಲ ಕಾಯ್ದು ಗಾಳಿ ತಿರುಗುತ್ತದೆ, ವಾಯವ್ಯದಿಂದ ಜೋರಾಗಿ ಬೀಸತೊಡಗುತ್ತದೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ಬಿಳಿ ನೊರೆಯ ತಲೆಗಳು ಕಾಣತೊಡಗಿದರೆ ಸಣ್ಣ ದೋಣಿಗೆ ಅಲ್ಲಿಂದಾಚೆ ಒದ್ದಾಟವೇ.

ನಮ್ಮವರಿಗೆ ತಿಳಿಯದ ಇನ್ನೊಂದು ವಿಷಯ: ಬೆಳಗಿನ ಆ ಶಾಂತ ಗಾಳಿಯೇ ಎಂಜಿನ್ ಕೈಕೊಟ್ಟರೆ ದೋಣಿಯನ್ನು ಕಡಲೊಳಕ್ಕೆ ತಳ್ಳುತ್ತದೆ. ಹಾಗಾಗಿ ಲಂಗರು ಇದೆಯಾ, ಅದರ ಹಗ್ಗ ಸಾಕಷ್ಟು ಉದ್ದವಿದೆಯಾ, ಹುಟ್ಟು ಇದೆಯಾ ಅಂತ ದಂಡೆಯಲ್ಲೇ ನೋಡಿ. ಆಳದ ಮೂರರಿಂದ ಐದು ಪಟ್ಟು ಹಗ್ಗ ಬಿಟ್ಟರೆ ಮಾತ್ರ ಲಂಗರು ನೆಲ ಕಚ್ಚುತ್ತದೆ. ಹಿಂದಿನ ಸಂಜೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡಿಕೊಳ್ಳಿ. ಒಂದೂವರೆ ಮೀಟರಿಗಿಂತ ಎತ್ತರ ತೋರಿಸಿದರೆ ನಾನು ಹೋಗುವುದಿಲ್ಲ. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಕಾವಲು ಪೊಲೀಸ್ 1093. ಇವೆರಡನ್ನೂ ಫೋನಿನಲ್ಲಿ ಹಾಕಿಕೊಂಡು, ಫೋನನ್ನು ನೀರು ಹೋಗದ ಚೀಲದಲ್ಲಿ ಕೊರಳಿಗೆ ಹಾಕಿಕೊಳ್ಳಿ.

ವಾಂತಿ ಆಗತೈತಂತ. ಏನೂ ತಿನ್ನದೆ ಹೋಗಬೇಕಾ?

ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು. ಎರಡು ಇಡ್ಲಿ ತಿಂದು ಹೊರಡಿ, ಮಿರ್ಚಿ ಭಜಿ ವಾಪಸ್ ಬಂದಮೇಲೆ. ಒಳಗಿವಿ ತೂಗಾಟ ಹೇಳುತ್ತಿರುತ್ತದೆ, ಕಣ್ಣು ಮಾತ್ರ ದೋಣಿಯ ತಳವನ್ನೇ ನೋಡುತ್ತಾ ಎಲ್ಲ ನಿಂತಿದೆ ಎನ್ನುತ್ತಿರುತ್ತದೆ. ಈ ತಕರಾರಿಗೇ ಹೊಟ್ಟೆ ತೊಳಸುವುದು. ಫೋನ್ ನೋಡಬೇಡಿ, ಗಂಟು ಹಾಕುವ ಕೆಲಸವೆಲ್ಲ ದಂಡೆಯಲ್ಲೇ ಮುಗಿಸಿ, ದೋಣಿಯ ಹಿಂಭಾಗದ ಕಡೆ ಕೂತು ದೂರದ ಗುಡ್ಡದ ಮೇಲೆ ಕಣ್ಣಿಡಿ. ಮಾತ್ರೆ ಬೇಕೆಂದರೆ ಡಾಕ್ಟರನ್ನು ಕೇಳಿ, ಹತ್ತುವುದಕ್ಕೆ ಒಂದು ತಾಸು ಮುಂಚೆ ನುಂಗಿ. ತೊಳಸಲು ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಹಿಂದಿನ ರಾತ್ರಿ ಎಣ್ಣೆ ಹೊಡೆದವರಿಗೆ ಯಾವ ಮಾತ್ರೆಯೂ ಇಲ್ಲ.

## ಗಾಳ, ಎರೆ, ಮೀನು

ಮೊದಲ ಸಲಕ್ಕ ಏನೇನು ಸಾಮಾನು ತಗೊಂಡು ಹೋಗಬೇಕು?

ಆರೇಳು ಅಡಿಯ ಗಟ್ಟಿ ರಾಡ್, ಉಪ್ಪುನೀರಿಗೆ ತಾಳುವ ರೀಲ್, ಹದಿನೈದು ಕಿಲೋ ಆಸುಪಾಸು ತಡೆಯುವ ದಾರ, ಬೇರೆ ಬೇರೆ ತೂಕದ ಸೀಸ, ಗಾಳ. ಇಷ್ಟು ಸಾಕು. ರಾಡ್ ಇಲ್ಲದಿದ್ದರೂ ಚಿಂತೆಯಿಲ್ಲ, ಅಲ್ಲಿನ ಮೀನುಗಾರರು ಹಲಗೆಗೆ ಸುತ್ತಿದ ತಂಗೂಸಿನಲ್ಲೇ (ನೈಲಾನ್ ದಾರದಲ್ಲೇ) ಹಿಡಿಯುತ್ತಾರೆ, ನಮಗಿಂತ ಹೆಚ್ಚೇ ಹಿಡಿಯುತ್ತಾರೆ. ಕೈದಾರಕ್ಕೆ ಒಂದು ನಿಯಮ: ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿ ಹಿಡಿಯಿರಿ, ಬೆರಳಿಗೆ ಸುತ್ತಿಕೊಳ್ಳಬೇಡಿ. ಸೀಸ ತಳ ಮುಟ್ಟಿದಾಗ ದಾರ ಒಂದು ಕ್ಷಣ ಸಡಿಲಾಗುತ್ತದೆ. ಆಗ ಒಂದು ಮೊಳ ಮೇಲೆತ್ತಿ ಹಿಡಿಯಿರಿ. ಟಕ್ ಟಕ್ ಅಂತ ಸಣ್ಣಗೆ ಕುಟುಕಿದರೆ ಸಣ್ಣ ಮೀನು ಎರೆ ಬಿಡಿಸುತ್ತಿದೆ. ಒಮ್ಮೆಲೇ ಭಾರವಾಗಿ ಕೆಳಗೆ ಜಗ್ಗಿದರೆ ಎಳೆಯಿರಿ.

ಇಕ್ಕಳ, ಚಾಕು, ದಪ್ಪ ಕೈಗವಸು, ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಮರೆಯಬೇಡಿ.

ಹೊಸಬರಿಗೆ ಗ್ಯಾರಂಟಿ ಸಿಗೋ ಮೀನು ಯಾವುದ್ರಿ?

ಗ್ಯಾರಂಟಿ ಯಾವುದೂ ಇಲ್ಲ, ಆದರೆ ಬಂಗುಡೆ ಹಿಂಡು ಸಿಕ್ಕರೆ ಮಕ್ಕಳೂ ಹಿಡಿಯಬಹುದು. ಒಂದೇ ದಾರಕ್ಕೆ ಐದಾರು ಸಣ್ಣ ಗಾಳ, ಪ್ರತಿ ಗಾಳಕ್ಕೆ ಮಿಂಚುವ ಎಳೆ ಅಥವಾ ಬಿಳಿ ಪುಕ್ಕ, ಕೆಳಗೆ ಸೀಸ. ಎರೆಯೂ ಬೇಕಿಲ್ಲ. ನೀರಿಗೆ ಬಿಟ್ಟು, ರಾಡಿನ ತುದಿಯನ್ನು ನಿಧಾನಕ್ಕೆ ಎತ್ತಿ ಇಳಿಸುತ್ತಿರಿ. ಮೊದಲ ಮೀನು ಕಚ್ಚಿದ ಕೂಡಲೇ ಎಳೆದುಬಿಡುವುದು ನಮ್ಮವರ ಅಭ್ಯಾಸ. ತುಸು ತಡೆದರೆ ಅದರ ಒದ್ದಾಟಕ್ಕೆ ಉಳಿದವೂ ಬಂದು ಬೀಳುತ್ತವೆ. ದಾರ ಮೇಲೆ ಬಂದಾಗ ನೋಡಬೇಕು: ಬೆನ್ನಿನ ಮೇಲೆ ಹಸಿರು-ನೀಲಿ, ಅದರ ಮೇಲೆ ಕಪ್ಪು ಗೆರೆ, ಹೊಟ್ಟೆ ಬೆಳ್ಳಿ, ಮೂರು ನಾಲ್ಕು ಮೀನು ಒಟ್ಟಿಗೆ ನಡುಗುತ್ತಾ ದಾರವನ್ನೇ ಗಂಟು ಹಾಕುತ್ತಿರುತ್ತವೆ. ಕೆಳಗಿನ ಸೀಸವನ್ನು ಮೊದಲು ಹಿಡಿದುಕೊಳ್ಳಿ, ಇಲ್ಲದಿದ್ದರೆ ಖಾಲಿ ಗಾಳ ಪಕ್ಕದವರ ಕೈಗೆ ಚುಚ್ಚುತ್ತದೆ.

ನೀರಿನ ಮೇಲೆ ಹಕ್ಕಿಗಳು ಮುಳುಗೇಳುವ ಕಡೆ ಹಿಂಡು ಇರುತ್ತದೆ. ಹಿಂಡಿನ ಮಧ್ಯಕ್ಕೆ ಎಂಜಿನ್ ಓಡಿಸಬಾರದು, ಪಕ್ಕದಿಂದ ತೇಲಿಸಿಕೊಂಡು ಹೋಗಬೇಕು.

ಅಮಾಸಿ, ಹುಣ್ಣಿವಿಗೆ ಹೋಗಬಾರದಂತಾರ. ನಂಬಬೇಕಾ?

ಅರ್ಧ ನಂಬಿ. ಆ ದಿನಗಳಲ್ಲಿ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ಎಳೆಯುವುದರಿಂದ ಉಬ್ಬರ ಎತ್ತರ, ಇಳಿತ ಆಳ, ನೀರಿನ ಸೆಳೆತ ಜೋರು. ಅಷ್ಟಮಿಯ ಹೊತ್ತಿಗೆ ಸೆಳೆತ ಮಂದ. ನಡುಗಡಲಿನಲ್ಲಿ ಇದು ದೊಡ್ಡ ಮಾತಲ್ಲ, ಅಳಿವೆಯಲ್ಲಿ ದೊಡ್ಡ ಮಾತು. ಇಳಿತದ ನೀರು ನದಿಯಿಂದ ಹೊರನುಗ್ಗುವಾಗ ಎದುರಿನಿಂದ ಬರುವ ಅಲೆ ಅಲ್ಲೇ ಗೋಡೆ ಕಟ್ಟಿದಂತೆ ಎದ್ದು ನಿಲ್ಲುತ್ತದೆ. ದೋಣಿಗಳು ಮಗುಚುವ ಜಾಗ ಅದೇ. ಅದಕ್ಕೆ ತಾಂಡೇಲರು ಉಬ್ಬರ ತುಂಬಿ ನೀರು ನಿಂತ ಹೊತ್ತು ನೋಡಿ ಅಳಿವೆ ದಾಟುತ್ತಾರೆ.

ಮೀನಿಗೆ ಮಾತ್ರ ಸೆಳೆತ ಬೇಕು. ಇಳಿತದ ನೀರು ಸಿಗಡಿ, ಸಣ್ಣ ಮೀನನ್ನು ಗಜನಿಗಳಿಂದ (ಉಪ್ಪುನೀರು ನುಗ್ಗುವ ಗದ್ದೆಗಳಿಂದ), ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನಿಂದ ಹೊರಗೆ ತರುತ್ತದೆ. ಕುರುಡಿ, ಕೆಂಬೇರಿ ಎನ್ನುವ ಬೇಟೆಗಾರ ಮೀನುಗಳು ಆ ಕಾಲುವೆಗಳ ಬಾಯಲ್ಲಿ ಕಾದಿರುತ್ತವೆ. ಅಘನಾಶಿನಿ ಇದಕ್ಕೆ ಒಳ್ಳೆಯ ಜಾಗ. ಅಣೆಕಟ್ಟಿಲ್ಲದ ನದಿ, 2024ರಲ್ಲಿ ಅದರ ಅಳಿವೆ ಪ್ರದೇಶ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಬೆಳಚು (ತಿನ್ನುವ ಚಿಪ್ಪುಜೀವಿ) ಆರಿಸಿ ಬದುಕುವ ಕುಟುಂಬಗಳಿವೆ, ಅವರು ನೀರಿಗಿಳಿದ ಕಡೆ ದೋಣಿ ನುಗ್ಗಿಸಬೇಡಿ.

ಲೆಕ್ಕ ಸುಲಭ: ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ, ಮರುದಿನ ಸುಮಾರು 50 ನಿಮಿಷ ತಡ. ಶುಕ್ರವಾರ ಆರಕ್ಕೆ ಉಬ್ಬರ ತುಂಬಿದರೆ ಶನಿವಾರ ಆರೂ ಐವತ್ತು, ಭಾನುವಾರ ಏಳೂ ನಲವತ್ತು. ರಜೆಯ ದಿನಗಳನ್ನು ನಾವು ಆರಿಸಲಾಗುವುದಿಲ್ಲ, ಆದರೆ ಯಾವ ಬೆಳಗು ಕಡಲಿಗೆ, ಯಾವುದು ನದಿಗೆ ಎನ್ನುವುದನ್ನು ಈ ಲೆಕ್ಕದಿಂದ ಹಂಚಬಹುದು.

ಅಂಜಲ್ ಹಿಡೀಬೇಕಂತ ಆಸೆ. ಕಚ್ಚಿದ್ದು ಕಚ್ಚಿದಂಗೆ ದಾರ ಕಡಿದು ಹೋಗ್ತದೆ, ಏನು ಮಾಡಲಿ?

ಅಂಜಲ್ ಅಂದರೆ ಕಿಂಗ್‌ಫಿಶ್, ಕಾರವಾರದ ಕಡೆ ಇಸ್ವಾಣ ಎಂದು ಕೇಳಿ. ಅದರ ಹಲ್ಲು ಬ್ಲೇಡಿನಷ್ಟು ಚೂಪು, ನೈಲಾನ್ ನಿಲ್ಲುವುದಿಲ್ಲ. ಗಾಳದ ಮುಂದೆ ಒಂದು ಗೇಣು ಸ್ಟೀಲ್ ವೈರ್ ಕಟ್ಟಬೇಕು. ಉದ್ದ ಹೆಚ್ಚಾದರೆ ಮೀನು ಕಂಡುಹಿಡಿಯುತ್ತದೆ. ದೋಣಿ ಓಡುತ್ತಿರುವಾಗ ಹಿಂದೆ ಎಳೆದುಕೊಂಡು ಹೋಗುವ ಕೃತಕ ಮೀನಿಗೆ ಐದಾರು ನಾಟ್ (ತಾಸಿಗೆ ಸುಮಾರು ಹತ್ತು ಕಿಲೋಮೀಟರ್) ವೇಗ, ಸತ್ತ ಬಂಗುಡೆ ಕಟ್ಟಿದ್ದರೆ ಅದರ ಅರ್ಧ.

ಇನ್ನು ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಎಷ್ಟು ಜಾರಬೇಕೆಂದು ರೀಲಿನಲ್ಲಿ ಹೊಂದಿಸುವ ಬಿಗಿ. ದಾರ ತಡೆಯುವ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಅದು ಜಾರಬೇಕು. 15 ಕಿಲೋ ದಾರಕ್ಕೆ ನಾಲ್ಕೈದು ಕಿಲೋ. ಕೈ ಅಂದಾಜು ಬೇಡ, ಕೊಕ್ಕೆ ತಕ್ಕಡಿಗೆ ದಾರ ಸಿಕ್ಕಿಸಿ ಎಳೆದು ನೋಡಿ. ಮೊದಲ ಓಟದಲ್ಲಿ ರೀಲ್ ಕಿರುಚುತ್ತದೆ. ಆಗ ಗಾಬರಿಯಿಂದ ಡ್ರ್ಯಾಗ್ ಬಿಗಿ ಮಾಡುವವರೇ ಮೀನು ಕಳೆದುಕೊಳ್ಳುವುದು. ಹೆಣೆದ ದಾರವನ್ನು ಬರಿಗೈಲಿ ಹಿಡಿದರಂತೂ ಬೆರಳು ಕುಯ್ದುಹೋಗುತ್ತದೆ. ಮೊಣಕೈಯಷ್ಟು ಉದ್ದವೂ ಇಲ್ಲದ ಮರಿ ಬಂದರೆ ಬಿಟ್ಟುಬಿಡಿ.

ರಾತ್ರಿ ಲೈಟ್ ಹಾಕಿ ಹಿಡಿದ್ರೆ ರಾಶಿ ಬೀಳ್ತಾವಂತೆ?

ಬೀಳುತ್ತವೆ, ಅದಕ್ಕೇ ನಿಷೇಧಿಸಿದ್ದು. ಎಲ್‌ಇಡಿ ಬೆಳಕಿನ ಮೀನುಗಾರಿಕೆಗೆ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಹೇರಿದೆ. ನಾಡದೋಣಿಯವರಿಗೂ ಬೆಳಕಿನವರಿಗೂ ಕಡಲಲ್ಲೇ ಜಟಾಪಟಿ ಆಗುತ್ತದೆ. ಅದರ ನಡುವೆ ನೀವು ಯಾಕೆ.

## ಮುಳ್ಳು, ವಿಷ, ಆಮೆ

ಮೀಸೆ ಇರೋ ಮೀನು ಚುಚ್ಚಿದ್ರೆ ಡ್ಯಾಮಿನ ಮೀನಿನಂಗೇನಾ?

ಕಡಲ ಕ್ಯಾಟ್‌ಫಿಶ್‌ನ ಮುಳ್ಳು, ತೊರಕೆಯ (ಚಪ್ಪಟೆ ಮೈಯ ಸ್ಟಿಂಗ್‌ರೇ ಮೀನಿನ) ಬಾಲದ ಮುಳ್ಳು ಎರಡರಲ್ಲೂ ವಿಷವಿದೆ, ನೋವು ಭಯಂಕರ. ಆ ವಿಷ ಶಾಖಕ್ಕೆ ಕೆಡುತ್ತದೆ. ಕೈ ತಾಳುವಷ್ಟು ಬಿಸಿ ನೀರಿನಲ್ಲಿ, ಅಂದರೆ 45 ಡಿಗ್ರಿ ಆಸುಪಾಸು, ಅರ್ಧ ತಾಸಿನಿಂದ ಒಂದೂವರೆ ತಾಸು ಮುಳುಗಿಸಿಡಿ. ಬಿಸಿಯನ್ನು ನೋವಿಲ್ಲದ ಕೈಯಿಂದ ಪರೀಕ್ಷಿಸಿ, ನೊಂದ ಕೈಗೆ ಸುಡುವುದು ಗೊತ್ತಾಗುವುದಿಲ್ಲ. ದೋಣಿಗೆ ಫ್ಲಾಸ್ಕಿನಲ್ಲಿ ಬಿಸಿ ನೀರು ಒಯ್ಯುವುದು ಚಹಾಕ್ಕಷ್ಟೇ ಅಲ್ಲ. ಆಮೇಲೆ ಆಸ್ಪತ್ರೆ, ಟಿಟಿ ಇಂಜೆಕ್ಷನ್. ಮುಳ್ಳು ಆಳಕ್ಕೆ ಹೊಕ್ಕು ಎದೆಗೋ ಹೊಟ್ಟೆಗೋ ತಗುಲಿದ್ದರೆ ಕೀಳಬೇಡಿ.

ಗಾಳಕ್ಕೆ ಹಾವು ಬಂತು, ಆಮೆ ಬಂತು ಅಂದ್ರೆ?

ಬಾಲ ಹುಟ್ಟಿನಂತೆ ಚಪ್ಪಟೆಯಿದ್ದರೆ ಕಡಲ ಹಾವು, ವಿಷದ್ದು. ದೋಣಿಯೊಳಗೆ ಎತ್ತದೆ ನೀರಿನಲ್ಲೇ ದಾರ ಕತ್ತರಿಸಿ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಹೊನ್ನಾವರದ ಟೊಂಕದ ದಂಡೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುವುದು ನಾವು ಹೋಗುವ ಚಳಿಗಾಲದಲ್ಲೇ. ದಾರ ಎಳೆದು ಹಿಂಸಿಸದೆ ಹತ್ತಿರ ತಂದು, ಗಾಳ ಕಂಡರೆ ಇಕ್ಕಳದಿಂದ ಬಿಡಿಸಿ, ನುಂಗಿದ್ದರೆ ಬಾಯಿಯ ಹತ್ತಿರವೇ ದಾರ ಕತ್ತರಿಸಿ ಬಿಡಿ. ಫೋಟೋಕ್ಕೆಂದು ಎತ್ತಿ ಹಿಡಿಯಬೇಡಿ.

## ಊರಿಗೆ ತರುವುದು

ಬಳ್ಳಾರಿ ಬಿಸಿಲಿಗೆ ಮೀನು ಕೆಡದಂಗ ತರಬಹುದಾ?

ತರಬಹುದು, ಮೊದಲ ಅರ್ಧ ತಾಸು ಗೆದ್ದರೆ. ಮೀನು ದೋಣಿಯ ತಳದಲ್ಲಿ ಬಿಸಿಲಿಗೆ ಬಿದ್ದು, ದಂಡೆಗೆ ಬಂದಮೇಲೆ ಐಸ್ ಕಂಡರೆ ಆಗಲೇ ತಡವಾಯಿತು. ಥರ್ಮಾಕೋಲ್ ಡಬ್ಬಿಯಲ್ಲಿ ಪುಡಿ ಐಸಿಗೆ ಒಂದಿಷ್ಟು ಕಡಲ ನೀರು ಸೇರಿಸಿದರೆ ಗಂಜಿಯಂತಾಗುತ್ತದೆ. ಹಿಡಿದ ಮೀನನ್ನು ಅದರಲ್ಲೇ ಮುಳುಗಿಸಿ. ಬರಿ ಐಸ್ ತುಂಡು ಮುಟ್ಟಿದ ಕಡೆ ಮಾತ್ರ ತಂಪು ಮಾಡುತ್ತದೆ. ಅಂಜಲ್‌ನಂಥ ದೊಡ್ಡ ಮೀನಿನ ಕಿವಿರು ಕೂಡಲೇ ಕತ್ತರಿಸಿ ರಕ್ತ ಹರಿಸಿ. ದಂಡೆಯಲ್ಲಿ ಹೊಟ್ಟೆ ಸೀಳಿ ಶುಚಿ ಮಾಡಿ, ಹೊಟ್ಟೆಯೊಳಗೂ ಐಸ್ ತುಂಬಿ, ಮೀನಿನಷ್ಟೇ ತೂಕದ ಐಸ್ ಹಾಕಿ, ಕರಗಿದ ನೀರು ಹೋಗಲು ತಳದಲ್ಲಿ ತೂತು ಬಿಡಿ. ಹುಬ್ಬಳ್ಳಿಯಲ್ಲಿ ಊಟಕ್ಕೆ ನಿಂತಾಗ ಮುಚ್ಚಳ ತೆಗೆದು ಐಸ್ ನೋಡಿ.

ಬಂಗುಡೆ, ಟ್ಯೂನಾ ಜಾತಿಯ ಮೀನು ತಂಪಿಲ್ಲದೆ ಕೂತರೆ ಮಾಂಸದಲ್ಲಿ ಹಿಸ್ಟಮಿನ್ ಕೂಡುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ತುರಿಕೆ, ತಲೆನೋವು. ಎಷ್ಟು ಖಾರ ಹಾಕಿ ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ನಮ್ಮ ಕಡೆ ಇದನ್ನು ಮೀನು ಒಗ್ಗಲಿಲ್ಲ ಎಂದುಬಿಡುತ್ತಾರೆ, ನಿಜಕ್ಕೂ ಮೀನು ತಂಪಿಲ್ಲದೆ ಕೆಟ್ಟಿರುತ್ತದೆ.

ವಾಪಸ್ ಬಂದು ವಾರಕ್ಕೇ ರೀಲ್ ಜಾಮ್ ಆಯ್ತು. ಕಳಪೆ ಮಾಲಾ?

ಉಪ್ಪು. ಅದೇ ಸಂಜೆ ಸಿಹಿನೀರು ಮೆಲ್ಲಗೆ ಸುರಿದು ತೊಳೆಯಿರಿ. ಜೋರಾಗಿ ಪೈಪ್ ಬಿಟ್ಟರೆ ಉಪ್ಪು ಒಳಕ್ಕೇ ಹೋಗುತ್ತದೆ. ನೆರಳಿನಲ್ಲಿ ಒಣಗಿಸಿ, ಡ್ರ್ಯಾಗ್ ಸಡಿಲಿಸಿ ಇಡಿ, ಗಾಳಗಳನ್ನೂ ತೊಳೆಯಿರಿ.

ನಾವೇ ಒಂದು ಸಣ್ಣ ದೋಣಿ ತಗೊಂಡು, ಕಾರಿನ ಹಿಂದ ಕಟ್ಕೊಂಡು ಹೋದ್ರ ಹೆಂಗ?

ಡ್ಯಾಮಿನ ಕೆಲಸಕ್ಕೆ ಕೊಂಡ ಗಾಳಿ ತುಂಬುವ ದೋಣಿಯನ್ನು ಕಡಲಿಗೆ ಒಯ್ಯುವ ಯೋಚನೆಯಿದ್ದರೆ ಇಲ್ಲೇ ಬಿಡಿ. ಬೆಳಗಿನ ನೆಲಗಾಳಿ ಅದನ್ನು ಎಲೆಯಂತೆ ಹೊರಕ್ಕೆ ಒಯ್ಯುತ್ತದೆ. ಫೈಬರ್ ದೋಣಿ ಎಂದರೆ ನೋಂದಣಿ ಬೇಕು, ಇಳಿಸಲು ಜಾಗ ಬೇಕು, ನಿಲ್ಲಿಸಿದಲ್ಲಿ ನೋಡಿಕೊಳ್ಳುವವರು ಬೇಕು, ಅರಬೈಲ್ ಘಟ್ಟದ ತಿರುವುಗಳಲ್ಲಿ ಲಾರಿಗಳ ನಡುವೆ ಎಳೆದುಕೊಂಡು ಬರುವ ಎದೆಗಾರಿಕೆಯೂ ಬೇಕು. ಇಷ್ಟಾದ ಮೇಲೂ ಅಳಿವೆಯಲ್ಲಿ ಮರಳದಿಬ್ಬ ಈ ವರ್ಷ ಎಲ್ಲಿಗೆ ಸರಿದಿದೆ ಎನ್ನುವುದು ಅಲ್ಲಿನವರಿಗೆ ಮಾತ್ರ ಗೊತ್ತು. ಆ ದುಡ್ಡಿನಲ್ಲಿ ಒಂದೆರಡು ಚಳಿಗಾಲ ಒಬ್ಬರೇ ತಾಂಡೇಲರ ಜೊತೆ ಹೋಗಿ ಬನ್ನಿ. ಆಮೇಲೂ ಸ್ವಂತದ್ದು ಬೇಕೇ ಬೇಕು ಅನ್ನಿಸಿದರೆ ಅವರನ್ನೇ ಕರೆದುಕೊಂಡು ಹೋಗಿ ದೋಣಿ ನೋಡಿ, ಎಂಜಿನ್ ಶಬ್ದ ಅವರೇ ಕೇಳಲಿ.